ತಕಾನಿನಿಗೆ ಬರಬೇಕಿದ್ದ ಹಮ್ಮಿಂಗ್ ಬರ್ಡ್

ವೆಂಕಟರಮಣನವರ ಬಾಯಿಂದ 'ಗೊತ್ತಿಲ್ಲ' ಎಂಬ ಮಾತು ಕೇಳಿದ ಪುಣ್ಯಾತ್ಮರು ಮೈಸೂರಿನಲ್ಲಿ ಯಾರೂ ಇರಲಿಲ್ಲ. ಇನ್ನು ನ್ಯೂಜಿಲೆಂಡಿನಲ್ಲಿ ಎಲ್ಲಿಂದ ಇರಬೇಕು? ಮೈಸೂರು ರೈಲು ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತು ಕೂತೇ ರಿಟೈರಾದವರು ಅವರು. ಅಲ್ಲಿ ಅವರು ಕಂಡುಕೊಂಡ ಪರಮಸತ್ಯವೆಂದರೆ, ಜನಕ್ಕೆ ಬೇಕಾಗಿರುವುದು ರೈಲಲ್ಲ, ಉತ್ತರ. ರೈಲು ಎಲ್ಲಿದೆಯೋ ಯಾವನಿಗೆ ಗೊತ್ತು? ಅರಸೀಕೆರೆಯಲ್ಲಿ ನಿಂತಿರಬಹುದು, ಹೊರಟೇ ಇಲ್ಲದಿರಬಹುದು. ಆದರೆ ಕಿಂಡಿಯ ಈಚೆ ಕೂತವನು 'ಗೊತ್ತಿಲ್ಲ' ಅಂದುಬಿಟ್ಟರೆ, ಆಚೆ ನಿಂತವನು ಒಂದೋ ಜಗಳಕ್ಕೆ ಬರುತ್ತಾನೆ, ಇಲ್ಲವೇ ಇವನನ್ನು ಕೇಳಿ ಪ್ರಯೋಜನವಿಲ್ಲವೆಂದು ಟೀ ಮಾರುವವನನ್ನು ಕೇಳಲು ಹೋಗುತ್ತಾನೆ. ಎರಡರಲ್ಲೂ ಕುರ್ಚಿಗೆ ಅವಮಾನ. ಅದೇ 'ಬರುತ್ತೆ, ಕೂತ್ಕೊಳ್ಳಿ' ಅಂದು ನೋಡಿ, ಎಂಥವನೂ ತೆಪ್ಪಗೆ ಬೆಂಚಿನ ಮೇಲೆ ಕೂರುತ್ತಾನೆ. ಈ ವಿದ್ಯೆಯನ್ನು ಅವರು ಮನೆಗೂ ತಂದರು. ಗ್ಯಾಸು ಬರುತ್ತೆ, ಕರೆಂಟು ಬರುತ್ತೆ, ಮಗಳಿಗೆ ಗಂಡು ಬರುತ್ತೆ. ಹೆಂಡತಿ ಪದ್ಮಾವತಿ ಮದುವೆಯಾದ ಹೊಸದರಲ್ಲಿ ನಂಬಿದರು, ಆಮೇಲೆ ಕೇಳುವುದನ್ನೇ ಬಿಟ್ಟರು.

ಈಗ ಗಂಡ ಹೆಂಡತಿ ಇಬ್ಬರೂ ಆಕ್ಲೆಂಡಿನ ತಕಾನಿನಿಯಲ್ಲಿರುವ ಮಗ ಲೋಹಿತನ ಮನೆಗೆ ಬಂದಿದ್ದರು. ಏಪ್ರಿಲ್ ಕೊನೆಗೆ ವಾಪಸ್ ಟಿಕೆಟ್ಟು. ಹೊಸ ಬಡಾವಣೆ, ಒಂದೇ ಅಚ್ಚಿನಲ್ಲಿ ಒತ್ತಿದ ಮನೆಗಳು. ವಾಕಿಂಗ್ ಹೋದ ವೆಂಕಟರಮಣನವರು ಎರಡು ಸಲ ಯಾರದೋ ಮನೆಯ ಬಾಗಿಲು ತಟ್ಟಿ, 'ಸುಮ್ಮನೆ ಮಾತಾಡಿಸೋಣ ಅಂತ ಬಂದೆ' ಎಂದು ಗತ್ತಿನಿಂದ ಹೇಳಿ ಬಂದಿದ್ದರು. ಈ ಮನೆಯಲ್ಲಿ ಅವರನ್ನು ಏನಾದರೂ ಕೇಳುವವರು ಯಾರೂ ಇರಲಿಲ್ಲ. ಲೋಹಿತನಿಗೆ ಏನು ತಿಳಿಯಬೇಕಿದ್ದರೂ ಫೋನಿದೆ. ಸೊಸೆ ತೇಜಸ್ವಿನಿ ಬಹಳ ಮರ್ಯಾದಸ್ತೆ. ಮಾವ ಏನು ಹೇಳಿದರೂ 'ಹೌದಾ ಮಾವ' ಎಂದು ಕೇಳಿಸಿಕೊಂಡು, ತಾನು ಮಾಡಬೇಕೆಂದಿದ್ದನ್ನೇ ಮಾಡುತ್ತಿದ್ದಳು. ಕೇಳುತ್ತಿದ್ದವಳು ಎಂದರೆ ಎರಡನೆಯ ಕ್ಲಾಸಿನ ಮೊಮ್ಮಗಳು ಮಾನ್ಯ ಒಬ್ಬಳೇ.

ಮಾನ್ಯ ಕೇಳುವುದು ಕನ್ನಡ, ಆಡುವುದು ಇಂಗ್ಲಿಷು. ಅವಳ ಮಾತನ್ನು ಇಲ್ಲಿ ಕನ್ನಡ ಮಾಡಿಯೇ ಹೇಳುತ್ತೇನೆ, ಕಥೆ ಹೇಳುವವರಿಗೆ ಅಷ್ಟಾದರೂ ಸ್ವಾತಂತ್ರ್ಯ ಬೇಡವೇ? ಸ್ಕೂಲಿನಿಂದ ಬಂದವಳೇ ಬ್ಯಾಗು ಬಿಸಾಕಿ ಸೋಫಾ ಹತ್ತಿ ತಾತನ ಪಕ್ಕ ಕೂರುವಳು. ತಿಮಿಂಗಿಲ ನಿದ್ದೆ ಮಾಡುತ್ತಾ? ಮಂಡಿಯಲ್ಲಿ ಕಟಕಟ ಅನ್ನುವುದು ಏನು? ಮೊಸರಿಗೆ ಹುಳಿ ಯಾರು ಹಾಕಿದರು? ಒಂದಕ್ಕೂ ತಾತ ತಡವರಿಸಿದವರಲ್ಲ. ಉತ್ತರ ಸರಿಯೇ ತಪ್ಪೇ ಎಂದು ನನ್ನನ್ನು ಕೇಳಬೇಡಿ. ತಿಮಿಂಗಿಲ ಏಕಾದಶಿ ದಿನ ಮಲಗುವುದಿಲ್ಲ ಎಂದು ನಂಬಿರುವ ಮಗು ತಕಾನಿನಿಯಲ್ಲಿ ಒಂದೇ ಒಂದಿದೆ, ಅಷ್ಟು ಹೇಳಬಲ್ಲೆ.

ಇದರಲ್ಲಿ ವೆಂಕಟರಮಣನವರಿಗೆ ಒಂದು ಭಯವೂ ಇತ್ತು. ಪುಣೆಯಲ್ಲಿರುವ ಮಗಳ ಮಗ ಸುಮುಖನೂ ಒಂದು ಕಾಲದಲ್ಲಿ ಹೀಗೇ ಪ್ರಶ್ನೆ ಕೇಳುತ್ತಿದ್ದ. ಎಂದೋ ನಿಲ್ಲಿಸಿದ. ಈಗ ವಿಡಿಯೋ ಕಾಲಿನಲ್ಲಿ ಅವನ ಹಣೆ ಮಾತ್ರ ಕಾಣುತ್ತದೆ. 'ಹಾಯ್ ತಾತ, ಬಾಯ್ ತಾತ', ಮುಗಿಯಿತು. ಏಪ್ರಿಲ್ ಆದಮೇಲೆ ಮಾನ್ಯಳೂ ಫೋನಿನಲ್ಲಿ ಸಿಗುವವಳೇ. ಕೇಳುವುದು ಏನಾದರೂ ಇದ್ದರೆ ಮಾತು ಉಳಿಯುತ್ತದೆ, ಇಲ್ಲದಿದ್ದರೆ ಇವಳದೂ ಹಣೆಯೇ ಗತಿ. ಅದಕ್ಕೇ ಇವಳ ಪ್ರಶ್ನೆ ನಿಲ್ಲಬಾರದು ಎಂಬುದೊಂದೇ ಅವರ ಆಸೆಯಾಗಿತ್ತು.

ಹೀಗಿರುವಾಗ ಮಾರ್ಚಿಯಲ್ಲಿ ಟೆಕ್ಸಾಸಿನ ತಮ್ಮ ಪ್ರಕಾಶನಿಂದ ಒಂದು ವಿಡಿಯೋ ಬಂತು. ಪ್ರಕಾಶ ಅಮೆರಿಕದಲ್ಲಿ ಏನು ನಡೆದರೂ ತಾನೇ ನಿಂತು ಮಾಡಿಸಿದೆ ಎನ್ನುವ ಜಾತಿ. 'ಅಣ್ಣಾ, ವಸಂತ ಬಂತು, ನಮ್ಮ ಹಕ್ಕಿಗಳೂ ಬಂದ್ವು' ಎಂದು ಶುರು. ಹಿತ್ತಿಲಲ್ಲಿ ತೂಗುಹಾಕಿದ ಕೆಂಪು ಬಾಟಲಿಯ ಮುಂದೆ ಹೆಬ್ಬೆರಳಿನಷ್ಟು ಹಕ್ಕಿಯೊಂದು ಗಾಳಿಯಲ್ಲೇ ನಿಂತು ಕೊಕ್ಕು ಹಾಕಿ ಹೀರುತ್ತಿತ್ತು. ಹಮ್ಮಿಂಗ್ ಬರ್ಡ್. ಚಳಿಗಾಲವೆಲ್ಲ ಮೆಕ್ಸಿಕೋ ಕಡೆ ಕಳೆದು, ವಸಂತ ಬಂದಕೂಡಲೇ ಕೊಲ್ಲಿಯ ಸಮುದ್ರವನ್ನು ಒಂದೇ ಉಸಿರಿಗೆ ದಾಟಿ ಉತ್ತರಕ್ಕೆ ಬರುತ್ತವಂತೆ. ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು, ಬಣ್ಣ ಗಿಣ್ಣ ಹಾಕಬಾರದು ಎಂದು ಕೊನೆಗೆ ಉಪದೇಶ. ಮಾನ್ಯ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು. ಆಮೇಲೆ, ಇಲ್ಲಿಗೂ ಬರುತ್ತವಾ ತಾತ, ಎಂದು ಕೇಳಿದಳು.

"ಬರುತ್ತೆ," ಅಂದರು ವೆಂಕಟರಮಣನವರು.

ಬಾಯಿಗೆ ಬಂದದ್ದನ್ನು ಆಡಿಬಿಟ್ಟರೆಂದು ತಿಳಿಯಬೇಡಿ, ಅದಕ್ಕೆ ತರ್ಕವೂ ಇತ್ತು. ಮುಂದಿನ ವಾರ ಯುಗಾದಿ. ಪಂಚಾಂಗದಲ್ಲಿ ಚೈತ್ರಮಾಸ, ವಸಂತ ಋತು ಎಂದು ಅಚ್ಚಾಗಿದೆ. ಹೊರಗೆ ಎಲೆ ಹಣ್ಣಾಗಿ ಉದುರುತ್ತಿತ್ತು, ಸಂಜೆಯಾದರೆ ಸ್ವೆಟರ್ ಬೇಕಿತ್ತು; ಲೋಹಿತ, ಇಲ್ಲಿ ಎಲ್ಲ ಉಲ್ಟಾ ಅಪ್ಪ, ಇದು ಶರತ್ಕಾಲ ಎಂದು ಬೆರಳು ಮಾಡಿ ತೋರಿಸಿಯೂ ಆಗಿತ್ತು. ಆದರೆ ಹಬ್ಬದ ದಿನ ಸಂಕಲ್ಪದಲ್ಲಿ 'ವಸಂತ ಋತೌ' ಎಂದು ಹೇಳುವುದನ್ನು ತಕಾನಿನಿಯ ಎಲೆಗಳಿಗೋಸ್ಕರ ಬದಲಾಯಿಸಲು ಆಗುತ್ತದೆಯೇ? ಎಲೆ ತಪ್ಪಬಹುದು, ಪಂಚಾಂಗ ತಪ್ಪುವುದಿಲ್ಲ. ಇನ್ನು ಸಮುದ್ರದ ಮಾತು. ಇಲ್ಲೇ ಹತ್ತಿರದ ಕಡಲತೀರಕ್ಕೆ ಅಲಾಸ್ಕಾದಿಂದ ಒಂದು ಜಾತಿಯ ಹಕ್ಕಿ ಎಲ್ಲೂ ನಿಲ್ಲದೆ ಹಾರಿ ಬರುತ್ತದೆ, ಅದಕ್ಕೆ ಇಲ್ಲಿಯವರು ಕುವಾಕ ಅನ್ನುತ್ತಾರೆ ಎಂದು ಇದೇ ಲೋಹಿತ ತಿಂಡಿ ತಿನ್ನುವಾಗ ಹೇಳಿರಲಿಲ್ಲವೇ? ಅದು ಬರಬಹುದಾದರೆ ಇದಕ್ಕೇನು ಧಾಡಿ? ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಹಾಗಂತ ವೆಂಕಟರಮಣನವರು ತೀರ್ಮಾನಿಸಿದರು.

ಮಾರನೆಯ ದಿನವೇ ಟೊಮ್ಯಾಟೊ ಸಾಸಿನ ಖಾಲಿ ಬಾಟಲಿಗೆ ತೂತು ಕೊರೆದು, ಸಕ್ಕರೆ ನೀರು ತುಂಬಿ, ಬಟ್ಟೆ ಒಣಹಾಕುವ ತಂತಿಯ ಪಕ್ಕ ತೂಗುಹಾಕಿದರು. ತಮ್ಮ ಬಣ್ಣ ಹಾಕಬೇಡ ಅಂದಿದ್ದನಲ್ಲ, ಅಣ್ಣನಾದವನು ತಮ್ಮನ ಮಾತು ಕೇಳಿದರೆ ಹೇಗೆ? ಕೇಸರಿಬಾತಿಗೆಂದು ತಂದಿದ್ದ ಬಣ್ಣವನ್ನು ಒಂದು ಚಿಟಿಕೆ ಜಾಸ್ತಿಯೇ ಹಾಕಿದರು. ಪದ್ಮಾವತಿ ಅಡುಗೆಮನೆಯ ಕಿಟಕಿಯಿಂದ, ಪಾಕ ಒಂದೆಳೆ ಬಂದಿದೆಯೋ ನೋಡಿ, ಬರೋ ಹಕ್ಕಿಗೆ ಹೆಸರುಬೇಳೆ ಕೋಸಂಬರೀನೂ ಮಾಡಿಡಲೋ ಎಂದು ಕೇಳಿದರು. ಬೇಲಿಯಾಚೆ ತನ್ನ ಯೂಟ್ ಗಾಡಿ ತೊಳೆಯುತ್ತಿದ್ದ ನೆರೆಮನೆಯ ಗ್ರೇಮ್ ಇಣುಕಿ ನೋಡಿ, ಇದೇನೆಂದು ವಿಚಾರಿಸಿದ. ವಿಷಯ ತಿಳಿದು ಸ್ಪಂಜನ್ನು ಬಕೆಟ್ಟಿಗೆ ಹಾಕಿದ. ಆಮೇಲೆ, ಆ ಹಕ್ಕಿ ಈ ದೇಶದಲ್ಲೇ ಇಲ್ಲವಲ್ಲ ಮೇಟ್, ಎಂದು ಮೆಲ್ಲಗೆ ಹೇಳಿದ. 'ಕಮಿಂಗ್, ಕಮಿಂಗ್' ಎಂದು ಅವನನ್ನು ಕೈಯಲ್ಲೇ ಸಮಾಧಾನಪಡಿಸಿ ಕಳುಹಿಸಿದರು ವೆಂಕಟರಮಣನವರು.

ಆದರೂ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಬಾತ್‌ರೂಮಿಗೆ ಹೋಗಿ ಚಿಲಕ ಹಾಕಿಕೊಂಡು, ತಾವು ಜನ್ಮದಲ್ಲಿ ಮಾಡದ ಕೆಲಸ ಮಾಡಿದರು: ಫೋನನ್ನು ಕೇಳಿದರು. ಫೋನಿಗೇನು, ಕುರ್ಚಿಯ ಮರ್ಯಾದೆ ಗೊತ್ತೇ? ಹಮ್ಮಿಂಗ್ ಬರ್ಡ್‌ಗಳು ಅಮೆರಿಕ ಖಂಡಗಳಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿತು. ಇಂಗು ತಿಂದ ಮಂಗನ ಹಾಗಾಯಿತು ಅವರಿಗೆ. ಅಲ್ಲಿಂದ ಹೊರಗೆ ಬಂದು ಮೊಮ್ಮಗಳಿಗೆ ಒಂದು ಮಾತು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿದು ನೀವೂ ನಾನೂ ಬೇರೆ ಕೆಲಸ ನೋಡಬಹುದಾಗಿತ್ತು. ಆದರೆ ಅಂದು ಸಂಜೆ ಮಾನ್ಯ, ಎಷ್ಟು ಹೊತ್ತಿಗೆ ಬರುತ್ತವೆ ತಾತ, ಎಂದು ಕಣ್ಣರಳಿಸಿ ಕೇಳಿದಾಗ, ಇವರ ಬಾಯಿಂದ ಬಂದದ್ದು ಹಳೆಯ ಕಸುಬಿನ ಮಾತೇ. ಮೆಕ್ಸಿಕೋದಲ್ಲಿ ಮಳೆಯಂತೆ, ಸ್ವಲ್ಪ ತಡ. ಮರುದಿನ ಎದುರುಗಾಳಿ. ಅದರ ಮರುದಿನ, ಹೊರಟಿವೆ, ಫಿಜಿ ಹತ್ತಿರ ಬಂದಿವೆ.

ಬಂದವು, ಆದರೆ ಹಕ್ಕಿಗಳಲ್ಲ. ಮಾರ್ಚಿಯೆಂದರೆ ಆ ದೇಶದಲ್ಲಿ ಕಣಜದ ಹುಳುಗಳ ಸುಗ್ಗಿ. ದಕ್ಷಿಣ ಆಕ್ಲೆಂಡಿನಲ್ಲಿದ್ದ ಕಣಜಗಳೆಲ್ಲ ಕೇಸರಿಬಾತಿನ ವಾಸನೆ ಹಿಡಿದು ಲೋಹಿತನ ಹಿತ್ತಿಲಿಗೆ ದಯಮಾಡಿಸಿದವು. ಬಟ್ಟೆ ತೆಗೆಯಲು ಹೋದ ಪದ್ಮಾವತಿಯ ಹೆಬ್ಬೆರಳು ಬೋಂಡದಷ್ಟು ಊದಿಕೊಂಡಿತು. ಗ್ರೇಮ್‌ನ ಕತ್ತಿಗೂ ಒಂದು ಪ್ರಸಾದ ಸಿಕ್ಕಿತು. ಅವನು ದೊಡ್ಡ ಮನುಷ್ಯ, ಜಗಳಕ್ಕೆ ಬರದೆ ಹುಳದ ಸ್ಪ್ರೇ ತಂದುಕೊಟ್ಟು ಹೋದ. ಪದ್ಮಾವತಿ ಮಾತ್ರ ಬೆರಳಿಗೆ ಸುಣ್ಣ ಹಚ್ಚಿಕೊಳ್ಳುತ್ತ, "ನಿಮ್ಮ ಎಕ್ಸ್‌ಪ್ರೆಸ್ ಬಂತು ನೋಡಿ, ಇಳಿಸ್ಕೊಳ್ಳಿ," ಅಂದರು.

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಕಣಜ ಬಂದದ್ದು ಸಿಹಿ ಇದೆ ಎನ್ನುವುದಕ್ಕೆ ಸಾಕ್ಷಿ, ಹಕ್ಕಿಗೂ ತಿಳಿಯುತ್ತದೆ ಬಿಡು ಎಂದು ಮಾನ್ಯಳಿಗೆ ವಿವರಿಸಿದರು. ಮಾನ್ಯ ನಂಬಿದಳು. ನಂಬಿದವಳು ಸುಮ್ಮನಿರುತ್ತಾಳೆಯೇ? ಸ್ಕೂಲಿನಲ್ಲಿ ಬೆಳಗ್ಗೆ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಮನೆಯ ಸುದ್ದಿ ಹೇಳುವ ಪದ್ಧತಿ ಇದೆ. ಇವಳು ಎದ್ದು, ನಮ್ಮ ಮನೆಗೆ ಹಮ್ಮಿಂಗ್ ಬರ್ಡ್ ಬರುತ್ತಿವೆ, ನಮ್ಮ ತಾತ ಹೇಳಿದ್ದಾರೆ, ಈಗ ಫಿಜಿ ದಾಟಿವೆ ಎಂದು ಸಾರಿದಳು. ಟೀಚರು ಬಹಳ ನಯವಾಗಿಯೇ, ಪುಟ್ಟಾ, ಅವು ನಮ್ಮ ದೇಶಕ್ಕೆ ಬರುವುದಿಲ್ಲ, ಅಂದರಂತೆ. ಇಲ್ಲ, ನಮ್ಮ ತಾತನಿಗೆ ಗೊತ್ತು ಎಂದು ಇವಳು ಹಟ ಹಿಡಿದಳಂತೆ. ಆಮೇಲೆ ಊಟದ ಹೊತ್ತಿನವರೆಗೂ ಹುಡುಗರು ಇವಳ ಹಿಂದೆ 'ಝುಂಯ್' ಎಂದು ಸದ್ದು ಮಾಡಿಕೊಂಡು ಓಡಾಡಿದರಂತೆ. ಇದನ್ನೆಲ್ಲ ಹೇಳಿದವಳು ತೇಜಸ್ವಿನಿ. ಟೀಚರು ಅವಳಿಗೆ ತಿಳಿಸಿದ್ದರು. ಮಾನ್ಯ ಮನೆಯಲ್ಲಿ ಒಂದು ಚಕಾರವೂ ಎತ್ತಿರಲಿಲ್ಲ.

"ಮಾವ, ನೀವೇ ಅವಳಿಗೊಂದ್ಮಾತು ಹೇಳ್ಬಿಡಿ. ಬೇರೆಯವರು ಹೇಳಿದ್ರೆ ಕೇಳಲ್ಲ ಅವಳು," ಅಂದಳು ತೇಜಸ್ವಿನಿ.

ನೋಡೋಣ, ಅಂದರು ಮಾವ. ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಅಂದು ಸಂಜೆ ಆಕಾಶದಲ್ಲಿ ಚಂದ್ರ ಬಂದಿತ್ತು, ಮೈಸೂರಿನಲ್ಲಿ ಕಾಣುವುದಕ್ಕೆ ತಲೆಕೆಳಗಾಗಿ. ಮಾನ್ಯ ಕಿಟಕಿಯ ಹತ್ತಿರ ನಿಂತು ನೋಡಿದಳು, ನೋಡಿ ಮೇಜಿನ ಮೇಲಿದ್ದ ಟ್ಯಾಬ್ಲೆಟ್ಟನ್ನು ಎತ್ತಿಕೊಂಡು ಮೂಲೆಯಲ್ಲಿ ಕೂತಳು. ವೆಂಕಟರಮಣನವರು ಸೋಫಾದಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿ, ಏನು ಪುಟ್ಟಿ, ಚಂದ್ರನ ವಿಷಯವೇ, ನಾನು ಹೇಳಲಾ ಎಂದು ಕೇಳಿದರು. ಪರವಾಗಿಲ್ಲ ತಾತ, ನಾನೇ ನೋಡಿಕೊಂಡೆ, ಅಂದಳು. ಕೋಪವಿಲ್ಲ, ತಾಪವಿಲ್ಲ, ಬಹಳ ಮರ್ಯಾದೆಯಿಂದಲೇ ಅಂದಳು. ಅವರು ಸರಿದ ಜಾಗ ರಾತ್ರಿ ಊಟದವರೆಗೂ ಖಾಲಿ ಇತ್ತು.

ಬುದ್ಧಿ ಇದ್ದವರು ಅಲ್ಲಿಗೆ ಸೋಲು ಒಪ್ಪಿಕೊಳ್ಳುತ್ತಿದ್ದರು. ಇವರು ಬಾಟಲಿ ತೊಳೆದು ಹೊಸ ಸಕ್ಕರೆ ನೀರು ತುಂಬಿದರು. ಶನಿವಾರ ಬೆಳಗ್ಗೆ ಅದೃಷ್ಟಕ್ಕೆ ಒಂದು ಹಕ್ಕಿ ಬಂದೇಬಿಟ್ಟಿತು: ಮುಷ್ಟಿಯಲ್ಲಿ ಹಿಡಿಸುವಷ್ಟು, ಹಸಿರು ಬೆನ್ನು, ಕಣ್ಣಿನ ಸುತ್ತ ಬಿಳಿ ಉಂಗುರ. ಹಾರುತ್ತ ನಿಲ್ಲಲಿಲ್ಲ, ತಂತಿಯ ಮೇಲೆ ನೆಮ್ಮದಿಯಾಗಿ ಕೂತು ಬಾಟಲಿಯ ತೂತಿಗೆ ಕೊಕ್ಕು ಹಾಕಿತು. ವೆಂಕಟರಮಣನವರು ಪಂಚೆ ಎತ್ತಿ ಕಟ್ಟಿ ಒಳಗೆ ಓಡಿ ಮಾನ್ಯಳನ್ನು ಎಳೆದುಕೊಂಡು ಬಂದರು. ಬಂತು ನೋಡು, ಹೇಳಿರಲಿಲ್ಲವೇ ನಾನು ಎಂದು ಎದೆಯುಬ್ಬಿಸಿ ತೋರಿಸಿದರು.

ಮಾನ್ಯ ಹಕ್ಕಿಯನ್ನು ನೋಡಿದಳು, ತಾತನ ಮುಖವನ್ನೂ ನೋಡಿದಳು. ಅದು ತೌಹೋ, ಸ್ಕೂಲಿನ ಮರದಲ್ಲಿ ಹಿಂಡುಗಟ್ಟಲೆ ಇವೆ, ಅಂದಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ತಾತನ ಮುಖದಲ್ಲಿ ಅವಳಿಗೆ ಏನು ಕಂಡಿತೋ, ಅವರ ಕೈ ತಟ್ಟಿ ಹೇಳಿದಳು:

"ಆದ್ರೂ ಪರವಾಗಿಲ್ಲ ತಾತ. ನೀನು ಬೇಕಾದ್ರೆ ಹಮ್ಮಿಂಗ್ ಬರ್ಡ್ ಅಂತ ಕರೀಬಹುದು."

ಆ ದನಿ ವೆಂಕಟರಮಣನವರಿಗೆ ಚೆನ್ನಾಗಿ ಪರಿಚಯವಿತ್ತು. ತೇಜಸ್ವಿನಿಯ 'ಹೌದಾ ಮಾವ' ದನಿ ಅದು. ಬ್ಯಾಂಕಿನ ಹುಡುಗಿ, ಡಾಕ್ಟರು, ವಿಮಾನದಲ್ಲಿ ಜ್ಯೂಸು ಕೊಡುವವಳು, ಎಲ್ಲರೂ ಮುದುಕರ ಹತ್ತಿರ ಮಾತಾಡುವ ದನಿ. ಏಳು ವರ್ಷದ ಮಗು ತಮ್ಮನ್ನು ಸಮಾಧಾನಪಡಿಸುತ್ತಿದೆ, ಬೆಂಚಿನ ಮೇಲೆ ಕೂರಿಸುತ್ತಿದೆ. ಅವರಿಗೆ ನಿಜವಾಗಿ ದುಃಖವಾಯಿತು. ಅಂದು ಪದ್ಮಾವತಿ ಬಡಿಸಿದ ಬಿಸಿಬೇಳೆಬಾತಿಗೆ ಉಪ್ಪು ಜಾಸ್ತಿ ಎಂದು ಸಹ ಅವರು ಹೇಳಲಿಲ್ಲ. ಪದ್ಮಾವತಿಗೆ ಗಾಬರಿಯಾಗಿ ಹಣೆ ಮುಟ್ಟಿ ನೋಡಿದರು.

ಭಾನುವಾರ ಲೋಹಿತ ಎಲ್ಲರನ್ನೂ ಕಾರಿನಲ್ಲಿ ತುಂಬಿಕೊಂಡು ಮಿರಾಂಡಾ ಎಂಬ ಕಡಲತೀರಕ್ಕೆ ಹೊರಟ. ಅಲಾಸ್ಕಾದ ಆ ಕುವಾಕಗಳು ಬೇಸಿಗೆಯೆಲ್ಲ ಅಲ್ಲೇ ಮೇಯ್ದು ಈಗ ವಾಪಸ್ ಹೊರಡುವ ಕಾಲವಂತೆ. ಮಗಳಿಗೆ ನಿಜವಾದ ವಲಸೆ ಹಕ್ಕಿ ತೋರಿಸಿದರೆ ಮನೆಯಲ್ಲಿ ಈ ವಿಷಯ ಮುಗಿಯಬಹುದೆಂದು ಅವನ ಲೆಕ್ಕ. ಚಿಪ್ಪಿನ ದಿಬ್ಬದ ಮೇಲೆ ನಿಂತು ನೋಡಿದರೆ, ಉಬ್ಬರದ ನೀರಿನ ಅಂಚಿನಲ್ಲಿ ಸಾವಿರಾರು ಹಕ್ಕಿ. ಕೆಸರಿನ ಬಣ್ಣದ ಮೈ, ಉದ್ದ ಕೊಕ್ಕು. ತಿಂದು ತಿಂದು ಗುಂಡಗಾಗಿದ್ದವು. ಪದ್ಮಾವತಿ ಚಿತ್ರಾನ್ನದ ಡಬ್ಬಿ ಬಿಚ್ಚಿ, ದೂರ ಪ್ರಯಾಣಕ್ಕೆ ಹೊರಟವರು ಹೀಗೇ ಹೊಟ್ಟೆ ತುಂಬ ತಿನ್ನಬೇಕು ಎಂದು ಮೆಚ್ಚಿಕೊಂಡರು. ವೆಂಕಟರಮಣನವರು ಬಾಯಿಗೆ ಬೀಗ ಹಾಕಿಕೊಂಡು ಮಫ್ಲರಿನೊಳಗೆ ಕೂತಿದ್ದರು.

ಅಲ್ಲಿ ಗಂಬೂಟು ಹಾಕಿಕೊಂಡ, ಬೆಳ್ಳನೆಯ ಕೂದಲಿನ ಹೆಂಗಸೊಬ್ಬಳು ದುರ್ಬೀನು ನಿಲ್ಲಿಸಿಕೊಂಡಿದ್ದಳು. ಬಂದವರಿಗೆಲ್ಲ ಹಕ್ಕಿ ತೋರಿಸುವುದು ಅವಳ ಕೆಲಸ. ಅಂದರೆ ಆ ತೀರದ ವಿಚಾರಣೆ ಕೌಂಟರು ಅವಳೇ. ಮಾನ್ಯ ನೆಟ್ಟಗೆ ಅವಳ ಹತ್ತಿರ ಹೋದಳು. ತಾತ ನೋಡುತ್ತಿದ್ದರು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಉರಿಯಿತು. ಇವಕ್ಕೆ ದಾರಿ ಹೇಗೆ ಗೊತ್ತಾಗುತ್ತದೆ ಎಂದು ಮಾನ್ಯ ಕೇಳಿದ್ದು ಗಾಳಿಯಲ್ಲಿ ಕೇಳಿಸಿತು.

"ಪೂರ್ತಿ ಯಾರಿಗೂ ಗೊತ್ತಿಲ್ಲ ಚಿನ್ನ," ಅಂದಳು ಆ ಹೆಂಗಸು, ದುರ್ಬೀನನ್ನು ಮಗುವಿನ ಎತ್ತರಕ್ಕೆ ಇಳಿಸುತ್ತ. "ನಂಗಂತೂ ಗೊತ್ತೇ ಇಲ್ಲ. ನಿಂಗೆ ಏನನ್ಸುತ್ತೆ?"

ವೆಂಕಟರಮಣನವರು ಎದ್ದು ನಿಂತರು. ಆಗಿಹೋಯಿತು, ಈ ಹೆಂಗಸಿನ ಮಾನ ಹೋಯಿತು, ಮಗು ಈಗ ತಿರುಗಿ ಬರುತ್ತದೆ ಎಂದು ಕಾದರು. ಮಾನ್ಯ ಬರಲಿಲ್ಲ. ಇನ್ನೂ ಒಂದು ಹೆಜ್ಜೆ ಅವಳ ಹತ್ತಿರಕ್ಕೆ ಹೋದಳು. ನಕ್ಷತ್ರ ನೋಡುತ್ತವಾ? ಮುಂದೆ ಹೋಗುವವನಿಗೆ ದಾರಿ ನೆನಪಿರುತ್ತದಾ? ಮರಿಗಳು ತಪ್ಪಿಸಿಕೊಂಡರೆ? ಹೆಂಗಸು ಕೆಲವಕ್ಕೆ ಉತ್ತರ ಹೇಳಿದಳು, ಕೆಲವಕ್ಕೆ ಗೊತ್ತಿಲ್ಲ ಎಂದು ನಕ್ಕಳು, ಗೊತ್ತಿಲ್ಲ ಅಂದಾಗಲೆಲ್ಲ ಮಗು ಹೊಸದೊಂದು ಪ್ರಶ್ನೆ ತೆಗೆಯಿತು. ಪ್ರಶ್ನೆಗಳ ಸಾಲು ಕರಗುವುದಿರಲಿ, ಬೆಳೆಯುತ್ತಿತ್ತು. ಕುರ್ಚಿಯಲ್ಲಿ ಕೂತು ಆಯುಸ್ಸು ಸವೆಸಿದ ಮನುಷ್ಯ ಇಂಥದ್ದೊಂದು ವ್ಯವಹಾರವನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಅಷ್ಟರಲ್ಲಿ ಒಂದು ಗುಂಪು ಕೂಗುತ್ತ ಮೇಲೆದ್ದಿತು, ಒಂದು ಸುತ್ತು ಹಾಕಿ ಉತ್ತರಕ್ಕೆ ತಿರುಗಿತು. ಸಮುದ್ರದ ಮೇಲೆ ಗೆರೆಯಾಯಿತು, ಆಮೇಲೆ ಆ ಗೆರೆಯೂ ಕಾಣದಾಯಿತು.

ವಾಪಸ್ ಬರುವಾಗ ಪದ್ಮಾವತಿ ಲೋಹಿತನ ಪಕ್ಕ ಮುಂದೆ, ಹಿಂದೆ ತೇಜಸ್ವಿನಿ, ವೆಂಕಟರಮಣನವರು, ನಡುವೆ ಮಾನ್ಯ. ಕಡಲು ಹಿಂದೆ ಉಳಿಯಿತು. ಆಮೇಲೆ ಮಾನ್ಯ, ಯಾರಿಗೆಂದಿಲ್ಲದೆ, ಈಗ ಹೋದವೇ ಮುಂದಿನ ವರ್ಷ ಬರುತ್ತವಾ ಎಂದು ಕೇಳಿದಳು. ವೆಂಕಟರಮಣನವರ ನಾಲಿಗೆಯ ತುದಿಗೆ ಹಳೆಯ ಮಾತು ಬಂದು ಕೂತಿತ್ತು. ಅವರು ಅದನ್ನು ನುಂಗಿದರು.

"ಗೊತ್ತಿಲ್ಲ ಪುಟ್ಟಿ," ಅಂದರು. "ಆ ಹಮ್ಮಿಂಗ್ ಬರ್ಡ್ ಬರಲ್ಲ. ಮೊದಲು ಗೊತ್ತಿರ್ಲಿಲ್ಲ, ಆಮೇಲೆ ಗೊತ್ತಾಯ್ತು. ಗೊತ್ತಾದ್ಮೇಲೂ ಬರುತ್ತೆ ಅಂದೆ. ನಿನ್ನ ಸ್ಕೂಲಲ್ಲಿ ಎಲ್ಲಾರೂ ನಗೋ ಹಾಗಾಯ್ತು. ತಪ್ಪಾಯ್ತು ನಂದು."

ಲೋಹಿತನ ಕೈಯಲ್ಲಿ ಕಾರು ಒಮ್ಮೆ ಅಲ್ಲಾಡಿತು. ಅವನು ಹುಟ್ಟಿದಾಗಿನಿಂದ ಇಂಥ ಮಾತು ಕೇಳಿದವನಲ್ಲ. ಮಾನ್ಯ ಮಾತ್ರ ಅದನ್ನು ದೊಡ್ಡದು ಮಾಡಲಿಲ್ಲ. ತಾತನನ್ನು ಮೇಲಿಂದ ಕೆಳಗೆ ನೋಡಿ, ಇನ್ನೂ ಏನೇನು ಗೊತ್ತಿಲ್ಲ ನಿನಗೆ, ಎಂದು ಆಸೆಯಿಂದ ಕೇಳಿದಳು.

ಕೇಳಿದ್ದೇ ತಡ, ಕಟ್ಟೆ ಒಡೆಯಿತು. ತಿಮಿಂಗಿಲದ ಏಕಾದಶಿ ವಿಷಯ ಗೊತ್ತಿಲ್ಲ. ಚಂದ್ರ ತಲೆಕೆಳಗಾಗಿರುವುದು ಯಾಕೋ ಗೊತ್ತಿಲ್ಲ. ನಿಮ್ಮಪ್ಪ ಆಫೀಸಿನಲ್ಲಿ ಏನು ಕೆಲಸ ಮಾಡುತ್ತಾನೆಂದು ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ, ಅದೂ ಗೊತ್ತಿಲ್ಲ. ಪದ್ಮಾವತಿ ಮುಂದಿನ ಸೀಟಿನಿಂದ, ಬಿಟ್ಟುಹೋದವನ್ನೆಲ್ಲ ಒಂದೊಂದಾಗಿ ಜ್ಞಾಪಿಸಿದರು. ಅವರಿಗೆ ಮದುವೆಯಾದಾಗಿನಿಂದ ಕೂಡಿಟ್ಟ ದಾಸ್ತಾನು ಇತ್ತು. ಮಾನ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. ವೆಂಕಟರಮಣನವರಿಗೂ ನಗು ಬಂತು. ನಗು ನಿಂತ ಮೇಲೆ ಅವಳು ಇನ್ನೊಂದು ಪ್ರಶ್ನೆ ತೆಗೆದಳು.

"ಆ ಹಕ್ಕಿಗಳಿಗೆ ಭಯ ಆಗುತ್ತಾ ತಾತ, ಸಮುದ್ರದ ಮೇಲೆ ಹೋಗುವಾಗ?"

"ಗೊತ್ತಿಲ್ಲ."

"ನಿಂಗೆ? ವಿಮಾನದಲ್ಲಿ?"

ವೆಂಕಟರಮಣನವರು ಕಿಟಕಿಯ ಹೊರಗೆ ನೋಡಿದರು. ಹಸುಗಳು ಮೇಯುತ್ತಿದ್ದವು.

"ಅದು ಗೊತ್ತು," ಅಂದರು. "ಆಗುತ್ತೆ. ಬರೋವಾಗ ಅಷ್ಟಿರ್ಲಿಲ್ಲ. ಈಗ ವಾಪಸ್ ಹೋಗೋದು ನೆನೆಸ್ಕೊಂಡ್ರೆ ತುಂಬಾ ಆಗುತ್ತೆ."

ಎಂಥ ಮಾತಿಗೂ ತಿರುಗಿ ಒಂದು ಮಾತು ಇಟ್ಟುಕೊಂಡಿರುತ್ತಿದ್ದ ಪದ್ಮಾವತಿ ಹಿಂದಕ್ಕೆ ತಿರುಗಿ ಗಂಡನ ಮುಖ ನೋಡಿದರು. ತೇಜಸ್ವಿನಿ 'ಹೌದಾ ಮಾವ' ಅನ್ನಲಿಲ್ಲ. ಮಾನ್ಯ ಸೀಟ್ ಬೆಲ್ಟನ್ನು ಎಳೆದು ಸಡಿಲ ಮಾಡಿಕೊಂಡು, ಪೂರ್ತಿ ತಾತನ ಕಡೆಗೆ ತಿರುಗಿ ಕೂತಳು.

"ಯಾಕೆ?" ಎಂದು ಕೇಳಿದಳು.